ಕುವೈತ್‌ನಲ್ಲಿ ಕಳೆದುಕೊಂಡವರಿಗೆ ದುಡ್ಡು ಬಂದದ್ದು ಹೇಗೆ?

2022ರ ಜನವರಿ 13ರಂದು ಇರಾಕ್ ಒಂದು ಹಳೆಯ ಬಾಕಿಯ ಕೊನೆಯ ಕಂತು ಕಟ್ಟಿ ಮುಗಿಸಿತು. ಆ ಕಂತು ಸುಮಾರು 63 ಕೋಟಿ ಡಾಲರ್. ಅದಕ್ಕೂ ಮೊದಲು ಕಟ್ಟಿದ್ದನ್ನೆಲ್ಲ ಸೇರಿಸಿದರೆ ಒಟ್ಟು 5,240 ಕೋಟಿ ಡಾಲರ್. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಸೇನೆ ಕುವೈತ್‌ಗೆ ನುಗ್ಗಿದ್ದರ ಲೆಕ್ಕ ಇದು. ತೀರಿಸಲು 31 ವರ್ಷ ಬೇಕಾಯಿತು.

ಈ ದುಡ್ಡಿನ ಒಂದು ಸಣ್ಣ ಪಾಲು ನಮ್ಮ ಕಡೆಗೂ ಬಂದಿದೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಮನೆಗಳವರು ಆಗ ಕುವೈತ್‌ನಲ್ಲಿ ದುಡಿಯುತ್ತಿದ್ದರು. ಡ್ರೈವರ್, ಅಡುಗೆಯವರು, ನರ್ಸ್, ಅಕೌಂಟೆಂಟ್, ಅಂಗಡಿ ಇಟ್ಟವರು, ಹೀಗೆ ಎಲ್ಲ ಥರದವರು. ರಾತ್ರೋರಾತ್ರಿ ಬ್ಯಾಂಕು ಮುಚ್ಚಿತು, ಕಂಪನಿ ಮಾಲೀಕ ನಾಪತ್ತೆಯಾದ, ಕೈಯಲ್ಲಿದ್ದ ಕುವೈತಿ ದಿನಾರಿಗೆ ಬೆಲೆ ಇಲ್ಲವಾಯಿತು. ಬಸ್ರಾ, ಬಾಗ್ದಾದ್ ದಾಟಿ ಮರುಭೂಮಿಯಲ್ಲಿ ಜೋರ್ಡಾನ್ ಗಡಿಗೆ ಬಂದು, ಟೆಂಟಿನಲ್ಲಿ ಸರದಿ ಕಾದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬೊಂಬಾಯಿಗೆ ಇಳಿದವರ ಕಥೆಗಳನ್ನು ಕರಾವಳಿಯಲ್ಲಿ ಈಗಲೂ ಕೇಳಬಹುದು. ಆ ವಿಮಾನಗಳ ಓಡಾಟ 59 ದಿನ ನಡೆಯಿತು. 488 ಹಾರಾಟಗಳಲ್ಲಿ ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು.

ಅಷ್ಟು ಮಂದಿಗೂ ಊರಿಗೆ ಬಂದ ಮೇಲೆ ಎದುರಾದ ಪ್ರಶ್ನೆ ಒಂದೇ. ಹೋದದ್ದನ್ನು ಯಾರಲ್ಲಿ ಕೇಳುವುದು?

ಮಾಮೂಲಿಯಾಗಿ ಇದಕ್ಕೆ ಉತ್ತರವೇ ಇರುವುದಿಲ್ಲ. ಯುದ್ಧ ಮಾಡಿದ ದೇಶದ ಮೇಲೆ ಬೇರೆ ದೇಶದ ಒಬ್ಬ ಕೂಲಿಯವನು ಕೇಸು ಹಾಕುವುದು ಹೇಗೆ? ಒಂದು ದೇಶದ ಸರ್ಕಾರವನ್ನು ಇನ್ನೊಂದು ದೇಶದ ಕೋರ್ಟಿಗೆ ಎಳೆಯುವುದನ್ನು ಕಾನೂನು ಸುಲಭಕ್ಕೆ ಒಪ್ಪುವುದಿಲ್ಲ. ಇರಾಕಿನ ಕೋರ್ಟಿಗೇ ಹೋಗುತ್ತೇನೆ ಅಂದರೆ ಅದು ತಮಾಷೆಯ ಮಾತು. ಹಾಗಾಗಿ ಹೆಚ್ಚಿನ ಯುದ್ಧಗಳಲ್ಲಿ ಗೆದ್ದ ದೇಶ ಸೋತ ದೇಶದಿಂದ ಒಂದಿಷ್ಟು ಮೊತ್ತ ಕಿತ್ತುಕೊಳ್ಳುತ್ತದೆ, ಅದು ಖಜಾನೆಗೆ ಹೋಗುತ್ತದೆ, ಪಾತ್ರೆ ಪಗಡೆ ಬಿಟ್ಟು ಓಡಿಬಂದವನಿಗೆ ಚಿಕ್ಕಾಸೂ ಸಿಗುವುದಿಲ್ಲ. ಕುವೈತ್ ವಿಷಯದಲ್ಲಿ ಮಾತ್ರ ಬೇರೆಯೇ ಆಯಿತು.

1991ರ ಏಪ್ರಿಲ್ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 687ನೇ ನಿರ್ಣಯ ಮಾಡಿತು. ಅಮೆರಿಕ ಮುಂದಾಳತ್ವದ ಕೂಟ ಇರಾಕಿ ಸೇನೆಯನ್ನು ಕುವೈತ್‌ನಿಂದ ಹೊರಗಟ್ಟಿದ ಮೇಲಿನ ಕದನ ವಿರಾಮದ ಷರತ್ತುಗಳೆಲ್ಲ ಇರುವ ಉದ್ದದ ನಿರ್ಣಯ ಅದು. ನಮಗೆ ಮುಖ್ಯವಾದದ್ದು ಅದರ 16ನೇ ಪ್ಯಾರಾ. ಕುವೈತ್ ಮೇಲಿನ ಅಕ್ರಮ ದಾಳಿಯಿಂದ ಬೇರೆ ದೇಶಗಳ ಸರ್ಕಾರಗಳಿಗೆ, ಪ್ರಜೆಗಳಿಗೆ, ಕಂಪನಿಗಳಿಗೆ ಆದ ನೇರ ನಷ್ಟಕ್ಕೆಲ್ಲ ಇರಾಕೇ ಹೊಣೆ ಎಂದು ಅದು ಹೇಳಿತು. ಪರಿಸರಕ್ಕೆ ಆದ ಹಾನಿಯೂ ಅದರಲ್ಲಿ ಸೇರಿತ್ತು. ಇರಾಕ್ ಇದನ್ನು ಒಪ್ಪಿಕೊಂಡಿತು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಮೇ ತಿಂಗಳಲ್ಲಿ 692ನೇ ನಿರ್ಣಯದ ಮೂಲಕ ಜಿನೀವಾದಲ್ಲಿ ವಿಶ್ವಸಂಸ್ಥೆ ಪರಿಹಾರ ಆಯೋಗ ಶುರುವಾಯಿತು.

ಇಲ್ಲಿ ಆದದ್ದೇನು ನೋಡಿ. ತಪ್ಪು ಯಾರದ್ದು ಎಂಬ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಟ್ಟರು. ವಕೀಲರು ವರ್ಷಗಟ್ಟಲೆ ವಾದಿಸುವುದು ಅದರ ಮೇಲೆಯೇ ಅಲ್ವಾ? ಅದೇ ಹೋದ ಮೇಲೆ ಉಳಿದದ್ದು ಮೂರು ವಿಷಯ. ನಿನಗೆ ನಷ್ಟ ಆಗಿದೆಯೇ? ಅದು ದಾಳಿಯಿಂದಲೇ ನೇರವಾಗಿ ಆದದ್ದೇ? ಎಷ್ಟು? ಹಾಗಾಗಿ ಇದು ಕೋರ್ಟಿಗಿಂತ ಲೆಕ್ಕಪತ್ರ ಪರಿಶೀಲಿಸುವ ದೊಡ್ಡ ಕಚೇರಿಯ ಹಾಗಿತ್ತು. ಇರಾಕಿಗೆ ವರದಿಗಳನ್ನು ನೋಡಿ ಅಭಿಪ್ರಾಯ ಹೇಳುವ ಅವಕಾಶ ಇತ್ತು, ಭಾರಿ ಮೊತ್ತದ ಅರ್ಜಿಗಳಲ್ಲಿ ಕಾಗದ ಪತ್ರಗಳನ್ನೂ ಕೊಡುತ್ತಿದ್ದರು. ಆದರೆ ಪ್ರತಿ ಅರ್ಜಿಗೂ ಎದುರು ನಿಂತು ವಾದ ಮಾಡುವ ಪ್ರತಿವಾದಿಯ ಸ್ಥಾನ ಅದಕ್ಕೆ ಇರಲಿಲ್ಲ. ಇದು ನ್ಯಾಯವೇ ಎಂದು ಕೇಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸುಳ್ಳು ಟೀಕೆಯೇನಲ್ಲ ಅದು. ಆದರೆ ಬಂದ ಅರ್ಜಿಗಳ ಸಂಖ್ಯೆ ಸುಮಾರು 26.9 ಲಕ್ಷ. ಒಂದೊಂದಕ್ಕೂ ವಿಚಾರಣೆ ಇಟ್ಟಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ.

ತೀರ್ಮಾನ ಮಾಡುವ ಕೆಲಸ ಎರಡು ಹಂತದಲ್ಲಿತ್ತು. ಮೂವರು ತಜ್ಞರ ತಂಡಗಳು ಅರ್ಜಿಗಳನ್ನು ನೋಡಿ ಇಷ್ಟು ಕೊಡಬಹುದು ಎಂದು ಶಿಫಾರಸು ಮಾಡುತ್ತಿದ್ದವು. ಅದನ್ನು ಒಪ್ಪುವುದು ಆಡಳಿತ ಮಂಡಳಿ. ಆ ಮಂಡಳಿಯಲ್ಲಿ 15 ದೇಶಗಳು. ಆಯಾ ಕಾಲಕ್ಕೆ ಭದ್ರತಾ ಮಂಡಳಿಯಲ್ಲಿ ಯಾರು ಇರುತ್ತಾರೋ ಅವರೇ ಇಲ್ಲೂ ಇರುತ್ತಿದ್ದರು. 1991-92ರಲ್ಲಿ ಭಾರತವೂ ಇತ್ತು.

ಇನ್ನು ಅರ್ಜಿಗಳ ವಿಂಗಡಣೆ. ಎ, ಬಿ, ಸಿ, ಡಿ, ಇ, ಎಫ್ ಎಂದು ಆರು ಗುಂಪು. ಮೊದಲ ನಾಲ್ಕು ವ್ಯಕ್ತಿಗಳಿಗೆ, ಇ ಕಂಪನಿಗಳಿಗೆ, ಎಫ್ ಸರ್ಕಾರಗಳಿಗೆ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳಿಗೆ. ಜನರನ್ನು ಊರಿಗೆ ತಲುಪಿಸಿದ ಖರ್ಚನ್ನು ಸರ್ಕಾರಗಳು ಕೇಳಬೇಕಾದದ್ದು ಎಫ್‌ನಲ್ಲಿ. ನಮ್ಮ ಊರಿನವರ ಅರ್ಜಿಗಳೆಲ್ಲ ಹೆಚ್ಚಾಗಿ ಎ ಮತ್ತು ಸಿ ಗುಂಪಿನವು. ಹಾಗಾಗಿ ಅವೆರಡನ್ನು ಸ್ವಲ್ಪ ವಿವರವಾಗಿ ನೋಡೋಣ.

ಎ ಗುಂಪು ಅಂದರೆ ಇರಾಕ್ ಅಥವಾ ಕುವೈತ್ ಬಿಟ್ಟು ಹೊರಡಬೇಕಾಗಿ ಬಂದವರು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರ ನಡುವೆ ಹೊರಟಿದ್ದರೆ ಸಾಕು. ಏನೇನು ಹೋಯಿತು, ಎಷ್ಟು ಹೋಯಿತು ಎಂದು ಯಾರೂ ಕೇಳುವುದಿಲ್ಲ. ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ಯಾವ ಗುಂಪಿನಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದರೆ ಅದು 4,000 ಮತ್ತು 8,000 ಆಗುತ್ತಿತ್ತು. 4,000 ಡಾಲರ್ ಕೇಳಿ ಗುಟ್ಟಾಗಿ ಇನ್ನೊಂದು ಗುಂಪಿಗೂ ಅರ್ಜಿ ಹಾಕಿದವರು ಕಂಪ್ಯೂಟರ್ ತಾಳೆಯಲ್ಲಿ ಸಿಕ್ಕಿಬೀಳುತ್ತಿದ್ದರು, ಮೊತ್ತ 2,500ಕ್ಕೆ ಇಳಿಯುತ್ತಿತ್ತು.

ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ತೀರ್ಮಾನ ಇದೇ ಎಂದು ನನಗೆ ಅನಿಸುತ್ತದೆ. ಯಾಕೆ ಅಂದರೆ, ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿದವನ ಹತ್ತಿರ ಟಿವಿ ಕೊಂಡ ರಸೀದಿ ಇರುತ್ತದೆಯೇ? ಎಷ್ಟೋ ಮಂದಿಯ ಪಾಸ್‌ಪೋರ್ಟೇ ಮಾಲೀಕನ ಕಪಾಟಿನಲ್ಲಿ ಉಳಿದಿತ್ತು. ಪುರಾವೆ ಕೇಳುತ್ತಾ ಹೋದರೆ ಕಾಗದ ಜೋಪಾನ ಮಾಡುವಷ್ಟು ಅನುಕೂಲ ಇದ್ದವನಿಗೆ ಮಾತ್ರ ದುಡ್ಡು. ಅದರ ಬದಲು ನೀನು ಅಲ್ಲಿದ್ದೆ, ಹೊರಟು ಬಂದೆ, ಇಷ್ಟನ್ನು ತೋರಿಸು ಸಾಕು ಅಂದರು. ಮೋಟಾರು ಅಪಘಾತದ ಟ್ರಿಬ್ಯೂನಲ್‌ನಲ್ಲಿ ವಯಸ್ಸು ಆದಾಯ ನೋಡಿ ಒಂದು ಕೋಷ್ಟಕದಿಂದ ಪರಿಹಾರ ಗುಣಿಸುತ್ತಾರಲ್ಲ, ಅದಕ್ಕಿಂತಲೂ ಸರಳ. ಕೆಲವರಿಗೆ ನಷ್ಟಕ್ಕಿಂತ ಜಾಸ್ತಿ ಸಿಕ್ಕಿರಬಹುದು, ಹಲವರಿಗೆ ಕಡಿಮೆ. ಆದರೆ ಸಿಕ್ಕಿತು.

ಅಲ್ಲಿದ್ದೆ ಎನ್ನುವುದನ್ನಾದರೂ ಪರೀಕ್ಷಿಸಬೇಕಲ್ಲ? ಅದಕ್ಕೆ ಆಯೋಗ ಒಂದು ಉಪಾಯ ಮಾಡಿತು. ಅರ್ಜಿದಾರರ ಹೆಸರುಗಳನ್ನು ಆಯಾ ಸರ್ಕಾರಗಳು ಕಂಪ್ಯೂಟರ್ ಡಿಸ್ಕ್‌ಗಳಲ್ಲಿ ತುಂಬಿ ಕಳಿಸಬೇಕಿತ್ತು. ಇನ್ನೊಂದು ಕಡೆ ಗಡಿ ದಾಟಿದವರ ದಾಖಲೆ, ವಿಮಾನ ಪ್ರಯಾಣಿಕರ ಪಟ್ಟಿ, ತೆರವು ಮಾಡಿಸಿದ ಸಂಸ್ಥೆಗಳ ಪಟ್ಟಿ ಇವನ್ನೆಲ್ಲ ಕಲೆ ಹಾಕಿತು. ಎರಡನ್ನೂ ತಾಳೆ ನೋಡಿತು. ಹೆಸರು ಹೊಂದಿದವರದ್ದು ಪಾಸ್. ಹೊಂದದೆ ಉಳಿದವುಗಳಲ್ಲಿ ಒಂದಷ್ಟನ್ನು ಮಾದರಿಯಾಗಿ ಆರಿಸಿ, ಫೈಲು ತೆರೆದು ನೋಡಿ, ಅದರ ಆಧಾರದ ಮೇಲೆ ಉಳಿದವುಗಳ ಬಗ್ಗೆ ತೀರ್ಮಾನಿಸಿತು. ನಮ್ಮವರ ಹೆಸರನ್ನು ಅರಬ್ಬಿಯಲ್ಲಿ ಬರೆದು, ಅದನ್ನು ಮತ್ತೆ ಇಂಗ್ಲಿಷಿಗೆ ತಂದರೆ ಏನಾಗುತ್ತದೆ ಎಂದು ಗಲ್ಫ್‌ನಲ್ಲಿ ಇದ್ದವರನ್ನು ಕೇಳಿ. ತಾಳೆ ನೋಡುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ಆದರೂ ಈ ಗುಂಪಿನ 9 ಲಕ್ಷಕ್ಕೂ ಹೆಚ್ಚು ಅರ್ಜಿಗಳ ಪರಿಶೀಲನೆ ಕೆಲವೇ ವರ್ಷಗಳಲ್ಲಿ ಮುಗಿಯಿತು. ಕೊಟ್ಟ ಮೊತ್ತ 320 ಕೋಟಿ ಡಾಲರ್ ಹತ್ತಿರ.

ಬಿ ಗುಂಪು ಚಿಕ್ಕದು. ಗಂಭೀರ ಗಾಯ ಆದವರು, ಇಲ್ಲವೇ ಗಂಡ, ಹೆಂಡತಿ, ಮಗು, ತಂದೆ ತಾಯಿಯನ್ನು ಕಳೆದುಕೊಂಡವರು. ಒಬ್ಬರಿಗೆ 2,500, ಕುಟುಂಬಕ್ಕೆ ಹೆಚ್ಚೆಂದರೆ 10,000 ಡಾಲರ್. ಮೊಟ್ಟಮೊದಲು ಪರಿಹಾರ ಕೈಸೇರಿದ್ದು ಇವರಿಗೆ, 1994ರಲ್ಲಿ.

ಸಿ ಗುಂಪಿನಲ್ಲಿ 1 ಲಕ್ಷ ಡಾಲರ್‌ವರೆಗೆ ಕೇಳಬಹುದಿತ್ತು. ಸಂಬಳ ಬಾಕಿ, ಕೆಲಸ ಹೋದದ್ದು, ಮನೆ ಸಾಮಾನು, ಕಾರು, ಬ್ಯಾಂಕಿನಲ್ಲಿ ಇಟ್ಟ ದುಡ್ಡು, ಅಂಗಡಿ ವ್ಯಾಪಾರದ ನಷ್ಟ, ಒತ್ತೆಯಾಳಾಗಿ ಇದ್ದದ್ದು, ಜೀವಭಯದಿಂದ ಅಡಗಿ ಕೂತದ್ದು, ಹೀಗೆ 21 ಬಗೆಯ ನಷ್ಟಗಳ ಪಟ್ಟಿ ಇತ್ತು. ಮಾನಸಿಕ ನೋವಿಗೂ ಬೆಲೆ ಕಟ್ಟಿ ಮಿತಿ ಹಾಕಿದ್ದರು. ಇಲ್ಲಿ ಪುರಾವೆ ಬೇಕು. ಆದರೆ ನಿಯಮದಲ್ಲಿ ಒಂದು ಒಳ್ಳೆಯ ಮಾತಿತ್ತು. ಆ ಪರಿಸ್ಥಿತಿಯಲ್ಲಿ ಒಬ್ಬ ಮನುಷ್ಯನಿಂದ ನಿರೀಕ್ಷಿಸಬಹುದಾದಷ್ಟು ಕನಿಷ್ಠ ಪುರಾವೆ ಸಾಕು, 20,000 ಡಾಲರ್‌ಗಿಂತ ಕೆಳಗಿನ ಅರ್ಜಿಗೆ ಇನ್ನೂ ಕಡಿಮೆ ಸಾಕು ಎಂದು.

ಉದಾಹರಣೆಗೆ ಒಬ್ಬ ಡ್ರೈವರ್ ಇದ್ದ ಅಂದುಕೊಳ್ಳಿ. ಅವನ ಬಳಿ ಹರಿದ ಸಿವಿಲ್ ಐಡಿ ಕಾರ್ಡು, ಊರಿಗೆ ದುಡ್ಡು ಕಳಿಸಿದ ಡ್ರಾಫ್ಟಿನ ಚೀಟಿ, ಕೆಲಸದ ಕರಾರಿನ ನಕಲು ಇದೆ. ಜೊತೆಗೆ ರೂಮಿನಲ್ಲಿದ್ದವರ ಹೇಳಿಕೆ. ಕೋರ್ಟಿನಲ್ಲಾದರೆ ಇದು ಸಾಲದು. ಇಲ್ಲಿ ಸಾಕಾಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಕೇಳಿದಷ್ಟು ಸಿಗುತ್ತದೆಂದು ಮಾತ್ರ ಅಲ್ಲ. ಲಕ್ಷಗಟ್ಟಲೆ ಅರ್ಜಿ ಇದ್ದ ಕಾರಣ ಇಂಥ ಕೆಲಸಕ್ಕೆ ಇಂಥ ಸಂಬಳ, ಇಂಥ ಮನೆಯಲ್ಲಿ ಇಷ್ಟು ಬೆಲೆಯ ಸಾಮಾನು ಎಂದು ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿ ಮೊತ್ತ ಹೊಂದಿಸುತ್ತಿದ್ದರು. ಡ್ರೈವರ್ ಒಬ್ಬ ತನ್ನ ಮನೆಯಲ್ಲಿ 50,000 ಡಾಲರ್ ಬೆಲೆಯ ಚಿನ್ನ ಇತ್ತು ಅಂದರೆ ಲೆಕ್ಕ ಒಪ್ಪುತ್ತಿರಲಿಲ್ಲ.

ಲಕ್ಷ ಡಾಲರ್ ದಾಟಿದರೆ ಡಿ ಗುಂಪು. ಅಲ್ಲಿ ಸಲುಗೆ ಇಲ್ಲ. ಕಾಗದ ಪತ್ರ ಬೇಕೇ ಬೇಕು, ಒಂದೊಂದು ಅರ್ಜಿಯನ್ನೂ ಪ್ರತ್ಯೇಕವಾಗಿ ನೋಡುತ್ತಿದ್ದರು.

ಈಜಿಪ್ಟಿನ ವಿಷಯ ಇಲ್ಲಿ ಹೇಳಲೇಬೇಕು. ಒಟ್ಟು 26.9 ಲಕ್ಷ ಅರ್ಜಿಗಳಲ್ಲಿ ಸುಮಾರು 12.4 ಲಕ್ಷ ಅವರದ್ದೇ. ಇರಾಕಿನಲ್ಲಿ ದುಡಿದ ಈಜಿಪ್ಟ್ ಕಾರ್ಮಿಕರು ಅಲ್ಲಿನ ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ ದುಡ್ಡು ಊರಿಗೆ ಸೇರಲೇ ಇಲ್ಲ. ಅಷ್ಟೂ ಮಂದಿಯ ಪರವಾಗಿ ಈಜಿಪ್ಟಿನ ಕೇಂದ್ರೀಯ ಬ್ಯಾಂಕ್ ಒಂದೇ ಗಂಟಿನಲ್ಲಿ ಅರ್ಜಿ ಹಾಕಿತು. ಕೊನೆಗೆ 8.4 ಕೋಟಿ ಡಾಲರ್ ಅಸಲು ಮೊತ್ತಕ್ಕೆ ಅದು ಇತ್ಯರ್ಥವಾಯಿತು.

ಈಗ ಒಂದು ಮುಖ್ಯ ಅಂಶ. ಜಿನೀವಾಕ್ಕೆ ನೀವೇ ಸೀದಾ ಅರ್ಜಿ ಹಾಕುವ ಹಾಗಿರಲಿಲ್ಲ. ನಿಮ್ಮ ಸರ್ಕಾರದ ಮೂಲಕವೇ ಹೋಗಬೇಕು. ಭಾರತದಲ್ಲಿ ವಿದೇಶಾಂಗ ಸಚಿವಾಲಯದ ಕೆಳಗೆ ಸ್ಪೆಷಲ್ ಕುವೈತ್ ಸೆಲ್ ಎಂಬ ವಿಭಾಗ ಇದಕ್ಕಾಗಿಯೇ ಇತ್ತು. ಫಾರಂ ತುಂಬಿ ಕೊಡುವುದು ಅಲ್ಲಿಗೆ, ಮಂಜೂರಾದ ದುಡ್ಡು ಬರುವುದೂ ಆ ದಾರಿಯಲ್ಲೇ. ಆಯೋಗ ಸರ್ಕಾರಗಳಿಗೂ ಕಡಿವಾಣ ಹಾಕಿತ್ತು. ಕಚೇರಿ ಖರ್ಚು ಎಂದು ಎ, ಬಿ, ಸಿ ಗುಂಪಿನವರಿಂದ ಶೇ 1.5ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಡಿ, ಇ, ಎಫ್‌ನಲ್ಲಿ ಶೇ 3 ಮೀರುವಂತಿಲ್ಲ. ದುಡ್ಡು ಬಂದ 6 ತಿಂಗಳೊಳಗೆ ಹಂಚಬೇಕು. ಹಂಚಿದ್ದಕ್ಕೆ ಲೆಕ್ಕ ಒಪ್ಪಿಸಬೇಕು. ವಿಳಾಸ ಸಿಗದೆ ಹಂಚಲಾಗದೆ ಉಳಿದದ್ದನ್ನು ವಾಪಸ್ ಕಳಿಸಬೇಕು.

ಸರ್ಕಾರವೇ ಇಲ್ಲದವರ ಗತಿ? ಕುವೈತ್‌ನಲ್ಲಿ ಆಗ ಪ್ಯಾಲೆಸ್ತೀನಿಯರು ಲಕ್ಷಗಟ್ಟಲೆ ಇದ್ದರು. ಅವರ ಪರವಾಗಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಅರ್ಜಿ ಹಾಕಿದವು. ಗಡುವಿನ ಒಳಗೆ ಅರ್ಜಿ ಹಾಕಲು ನಿಜವಾದ ಅವಕಾಶ ಸಿಗದೆ ಹೋದ ಪ್ಯಾಲೆಸ್ತೀನಿಯರಿಗೆ ಆಮೇಲೆ ಪ್ರತ್ಯೇಕವಾಗಿ ಇನ್ನೊಂದು ಅವಕಾಶ ಕೊಟ್ಟರು. ಉಳಿದ ವ್ಯಕ್ತಿಗಳಿಗೆ ಗಡುವು 1995ರ ಜನವರಿ 1ಕ್ಕೆ ಮುಗಿದಿತ್ತು.

ಅರ್ಜಿ ತಿರಸ್ಕಾರ ಆಗುತ್ತಿದ್ದದ್ದು ಹೆಚ್ಚಾಗಿ ನೇರ ನಷ್ಟ ಎಂಬ ಮಾತಿನ ಮೇಲೆ. ಸೇನೆಯ ಕಾರ್ಯಾಚರಣೆ, ಇರಾಕಿ ಅಧಿಕಾರಿಗಳ ಕೆಲಸ, ಕಾನೂನು ಸುವ್ಯವಸ್ಥೆ ಕುಸಿದು ಆದ ಲೂಟಿ, ಹೊರಡಲಾಗದೆ ಸಿಕ್ಕಿಹಾಕಿಕೊಂಡದ್ದು, ಇವೆಲ್ಲ ನೇರ. ಬಾಂಬು ಇರಾಕಿನದ್ದೋ ಅಮೆರಿಕ ಕೂಟದ್ದೋ ಎಂದು ಕೇಳುವುದಿಲ್ಲ, ಯಾರದ್ದಾದರೂ ಹೊಣೆ ಇರಾಕಿನದ್ದೇ. ಆದರೆ ಇರಾಕಿನ ಮೇಲೆ ವಿಶ್ವಸಂಸ್ಥೆ ಹಾಕಿದ ವ್ಯಾಪಾರ ದಿಗ್ಬಂಧನದಿಂದ ಮಾತ್ರವೇ ಆದ ನಷ್ಟಕ್ಕೆ ಪರಿಹಾರ ಇಲ್ಲ. ಸರಕು ಕಳಿಸಲಾಗದೆ ನಷ್ಟ ಮಾಡಿಕೊಂಡ ಎಷ್ಟೋ ವ್ಯಾಪಾರಿಗಳು ಇಲ್ಲಿ ಮುಗ್ಗರಿಸಿದರು. ಯುದ್ಧ ಮಾಡಿದ ದೇಶಗಳ ಸೇನಾ ಖರ್ಚಿಗೂ ಕೊಡುವುದಿಲ್ಲ. ಇನ್ನೊಂದು, ದಾಳಿಗೆ ಮೊದಲೇ ಇರಾಕ್ ಉಳಿಸಿಕೊಂಡಿದ್ದ ಹಳೆಯ ಸಾಲಗಳು ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಇರಾಕಿನಲ್ಲಿ ರಸ್ತೆ, ಕಟ್ಟಡ ಕಟ್ಟಿ ಬಿಲ್ಲಿಗಾಗಿ ಕಾಯುತ್ತಿದ್ದ ಹೊರದೇಶದ ಗುತ್ತಿಗೆದಾರ ಕಂಪನಿಗಳಿಗೆ ಇದು ದೊಡ್ಡ ಪೆಟ್ಟು.

ಎಲ್ಲ ಸೇರಿ ಕೇಳಿದ್ದು 35,250 ಕೋಟಿ ಡಾಲರ್. ಮಂಜೂರಾದದ್ದು 5,240 ಕೋಟಿ. ಏಳರಲ್ಲಿ ಒಂದು ಪಾಲು ಹತ್ತಿರ ಹತ್ತಿರ. ಅರ್ಜಿ ಹಾಕಿದವರಲ್ಲಿ ಏನಾದರೂ ಸಿಕ್ಕಿದ್ದು ಸುಮಾರು 15 ಲಕ್ಷ ಮಂದಿಗೆ. ದೊಡ್ಡವರು ಕೇಳಿದ್ದು ಜಾಸ್ತಿ, ಕತ್ತರಿ ಬಿದ್ದದ್ದೂ ಅಲ್ಲೇ ಜಾಸ್ತಿ. ಪರಿಸರ ಹಾನಿಗೆ ಸುಮಾರು 8,500 ಕೋಟಿ ಡಾಲರ್ ಕೇಳಿದ್ದರು, ಒಪ್ಪಿದ್ದು 530 ಕೋಟಿಯ ಆಸುಪಾಸು. ಒಂದೇ ಅತಿ ದೊಡ್ಡ ಮೊತ್ತ ಹೋದದ್ದು ಕುವೈತ್ ಪೆಟ್ರೋಲಿಯಂ ಕಾರ್ಪೊರೇಷನ್‌ಗೆ. ಇರಾಕಿ ಸೇನೆ ಹಿಂದಿರುಗುವಾಗ ಕುವೈತ್‌ನ ನೂರಾರು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟಿತ್ತು. ಹೋದ ಎಣ್ಣೆಗೆ, ನಿಂತ ಮಾರಾಟಕ್ಕೆ 1,470 ಕೋಟಿ ಡಾಲರ್. 2022ರಲ್ಲಿ ಕಟ್ಟಿದ ಕೊನೆಯ ಕಂತು ಇದರದ್ದೇ.

ಸರಿ, ಆದೇಶ ಬರೆಯುವುದು ಸುಲಭ. ದುಡ್ಡು?

ಇರಾಕಿನ ಎಣ್ಣೆಯಿಂದ. ಮಾರಿದ ಎಣ್ಣೆಯ ದುಡ್ಡಿನಲ್ಲಿ ಹೆಚ್ಚೆಂದರೆ ಶೇ 30 ಪರಿಹಾರ ನಿಧಿಗೆ ಎಂದು 1991ರಲ್ಲೇ ತೀರ್ಮಾನವಾಗಿತ್ತು. ಆದರೆ ದಿಗ್ಬಂಧನದಿಂದ ಎಣ್ಣೆ ಮಾರಾಟವೇ ನಿಂತಿತ್ತು. ಮಿತವಾಗಿ ಮಾರಲು ವಿಶ್ವಸಂಸ್ಥೆ ಹೇಳಿದ ಷರತ್ತುಗಳನ್ನು ಸದ್ದಾಂ ಒಪ್ಪಲಿಲ್ಲ. ಹೀಗಾಗಿ ಆಯೋಗ ಇತ್ತು, ಫೈಲುಗಳು ಇದ್ದವು, ಪೆಟ್ಟಿಗೆ ಬಹುಪಾಲು ಖಾಲಿ. ಹೊರದೇಶಗಳಲ್ಲಿ ತಡೆಹಿಡಿದಿದ್ದ ಇರಾಕಿನ ಎಣ್ಣೆ ದುಡ್ಡಿನಿಂದ ಒಂದಷ್ಟು ಬಂತು, ಅಷ್ಟೆ. 1996ರ ಡಿಸೆಂಬರ್‌ನಲ್ಲಿ ಎಣ್ಣೆಗೆ ಬದಲು ಆಹಾರ ಎಂಬ ಯೋಜನೆಯಡಿ ಎಣ್ಣೆ ಹರಿಯತೊಡಗಿದ ಮೇಲೆಯೇ ದುಡ್ಡೂ ಹರಿಯಿತು.

ಆಗ ಯಾರಿಗೆ ಮೊದಲು ಎಂಬ ಪ್ರಶ್ನೆ ಬಂತು. ಎ ಮತ್ತು ಸಿ ಗುಂಪಿನ ಪ್ರತಿಯೊಬ್ಬರಿಗೂ ಮೊದಲ ಸುತ್ತಿನಲ್ಲಿ 2,500 ಡಾಲರ್‌ವರೆಗೆ ಕೊಟ್ಟರು. ಆಗ ಡಾಲರ್‌ಗೆ 35 ರೂಪಾಯಿ ಆಸುಪಾಸು, ಅಂದರೆ 85 ಸಾವಿರದ ಮೇಲೆ. ಆ ಕಾಲಕ್ಕೆ ಒಂದು ಮದುವೆ ಮಾಡುವಷ್ಟು, ಇಲ್ಲವೇ ಒಂದು ಆಟೊ ಕೊಳ್ಳುವಷ್ಟು ದುಡ್ಡು. ಉಳಿದದ್ದು ಮುಂದಿನ ಸುತ್ತಿನಲ್ಲಿ ಬಂತು. ದೊಡ್ಡ ಕಂಪನಿಗಳು, ಸರ್ಕಾರಗಳು ಹಿಂದೆ ನಿಂತು ಕಾದವು. ಇಂಥ ವ್ಯವಹಾರಗಳಲ್ಲಿ ಸಾಲು ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಇಲ್ಲಿ ಬಡವನನ್ನು ಮುಂದೆ ನಿಲ್ಲಿಸಿದ್ದರು.

ಇದಕ್ಕೆ ಇನ್ನೊಂದು ಮುಖ ಇದೆ, ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧ. ತೊಂಬತ್ತರ ದಶಕದಲ್ಲಿ ಇರಾಕಿನ ಜನ ದಿಗ್ಬಂಧನದಿಂದ ನರಳುತ್ತಿದ್ದರು. ಆಸ್ಪತ್ರೆಗೆ ಔಷಧಿ ಇರಲಿಲ್ಲ, ಕುಡಿಯುವ ನೀರಿನ ಘಟಕಗಳು ಕೆಟ್ಟಿದ್ದವು. ಅವರ ಊಟಕ್ಕೆಂದು ಮಾರಿದ ಎಣ್ಣೆಯಲ್ಲೇ ನೂರಕ್ಕೆ ಮೂವತ್ತು ಜಿನೀವಾಕ್ಕೆ ಹೋಗುತ್ತಿತ್ತು. ದಾಳಿ ಮಾಡಿದ್ದು ಸದ್ದಾಂ, ಕಟ್ಟಿದ್ದು ಅವನನ್ನು ಆರಿಸದ ಜನ. ಮಂಗಳೂರಿನ ಅಡುಗೆಯವನಿಗೆ ಸಿಕ್ಕಿದ್ದು ನ್ಯಾಯವೇ, ಬಸ್ರಾದ ತಾಯಿಗೆ ಆದದ್ದು ಅನ್ಯಾಯವೇ. ಎರಡೂ ನಿಜ. ಟೀಕೆ ಹೆಚ್ಚಾದ ಮೇಲೆ 2000ದ ಡಿಸೆಂಬರ್‌ನಲ್ಲಿ ಪಾಲು ಶೇ 25ಕ್ಕೆ ಇಳಿಯಿತು. 2003ರಲ್ಲಿ ಸದ್ದಾಂ ಬಿದ್ದ ಮೇಲೆ ಶೇ 5. ಐಸಿಸ್ ಹಾವಳಿಯ ಕಾಲದಲ್ಲಿ, 2014ರಿಂದ 2018ರವರೆಗೆ, ಪಾವತಿಯೇ ನಿಂತಿತ್ತು. ಆಮೇಲೆ ಶೇ 0.5ರಿಂದ ಮತ್ತೆ ಶುರುವಾಗಿ ನಿಧಾನಕ್ಕೆ ಮೇಲೇರಿತು. 2022ರ ಫೆಬ್ರುವರಿಯಲ್ಲಿ ಭದ್ರತಾ ಮಂಡಳಿ ಆಯೋಗದ ಕೆಲಸ ಮುಗಿಯಿತು ಎಂದು 2621ನೇ ನಿರ್ಣಯ ಹೊರಡಿಸಿತು.

ಅದೇ ತಿಂಗಳು 24ರಂದು ರಷ್ಯಾ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರು ಮಾಡಿತು. ಒಂದು ಅಂಗಡಿ ಮುಚ್ಚಿದ ವಾರದಲ್ಲೇ ಇನ್ನೊಂದರ ಅಗತ್ಯ ಬಂತು.

ಕುವೈತ್ ಮಾದರಿಯನ್ನು ಹಾಗೆಯೇ ಎತ್ತಿ ಅಲ್ಲಿಡಲು ಆಗುವುದಿಲ್ಲ. ಇರಾಕ್ ಸೋತಿತ್ತು, ಭದ್ರತಾ ಮಂಡಳಿ ಹೇಳಿದ್ದಕ್ಕೆ ತಲೆಯಾಡಿಸಬೇಕಿತ್ತು. ರಷ್ಯಾಕ್ಕೆ ಅದೇ ಮಂಡಳಿಯಲ್ಲಿ ವೀಟೊ ಇದೆ. ಹಾಗಾಗಿ ಕೌನ್ಸಿಲ್ ಆಫ್ ಯುರೋಪ್ ಎಂಬ ಯುರೋಪಿನ ದೇಶಗಳ ಸಂಘಟನೆ 2023ರಲ್ಲಿ ಹೇಗ್‌ನಲ್ಲಿ ಒಂದು ಹಾನಿ ನೋಂದಣಿ ಕಚೇರಿ ತೆರೆಯಿತು. 2024ರ ಏಪ್ರಿಲ್ 2ರಿಂದ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿತು, ಮೊದಲು ಹಾಳಾದ ಮನೆಗಳಿಗೆ. ಸರ್ಕಾರದ ಡಿಸ್ಕ್ ಬೇಕಿಲ್ಲ, ಉಕ್ರೇನಿನವರು ದಿಯಾ ಎಂಬ ಸರ್ಕಾರಿ ಆ್ಯಪ್‌ನಲ್ಲಿ ತಾವೇ ಹಾಕಬಹುದು, ಮನೆಯ ಫೋಟೊ ಲಗತ್ತಿಸಬಹುದು. ಆದರೆ ಈ ಕಚೇರಿ ಬರೆದುಕೊಳ್ಳುತ್ತದೆ, ಅಷ್ಟೆ. ಎಷ್ಟು ಕೊಡಬೇಕು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ. ಆ ಕೆಲಸಕ್ಕೆ ಪ್ರತ್ಯೇಕ ಆಯೋಗ ಮಾಡುವ ಒಪ್ಪಂದಕ್ಕೆ 2025ರ ಡಿಸೆಂಬರ್‌ನಲ್ಲಿ ಹೇಗ್‌ನಲ್ಲಿ ಹಲವು ದೇಶಗಳು ಸಹಿ ಹಾಕಿದವು.

ಆದೇಶ ಇದ್ದು ದುಡ್ಡಿನ ಮೂಲ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎರಿಟ್ರಿಯಾ ಮತ್ತು ಇಥಿಯೋಪಿಯಾ ಇವೆ. ಗಡಿ ಯುದ್ಧದ ಬಳಿಕ 2000ದಲ್ಲಿ ಒಪ್ಪಂದ ಮಾಡಿಕೊಂಡು ಪರಿಹಾರ ಆಯೋಗ ರಚಿಸಿದರು. 2009ರಲ್ಲಿ ಅದು ಇಥಿಯೋಪಿಯಾಕ್ಕೆ ಸುಮಾರು 17.4 ಕೋಟಿ ಡಾಲರ್, ಎರಿಟ್ರಿಯಾಕ್ಕೆ ಸುಮಾರು 16 ಕೋಟಿ ಡಾಲರ್ ಎಂದು ಹೇಳಿತು. ಎರಡೂ ಬಡ ದೇಶ, ಎರಡೂ ಒಂದಕ್ಕೊಂದು ಕೊಡಬೇಕು. ನಡುವೆ ನಿಂತು ದುಡ್ಡು ಹಿಡಿದು ಹಂಚುವ ನಿಧಿ ಇರಲಿಲ್ಲ.

ಉಕ್ರೇನಿನ ವಿಷಯದಲ್ಲಿ ಎಲ್ಲರ ಕಣ್ಣು ಇರುವುದು ಪಶ್ಚಿಮದ ದೇಶಗಳು ತಡೆಹಿಡಿದಿರುವ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಮೇಲೆ. ಅದರಲ್ಲಿ ದೊಡ್ಡ ಪಾಲು ಬೆಲ್ಜಿಯಂನ ಯುರೋಕ್ಲಿಯರ್ ಎಂಬ ಸಂಸ್ಥೆಯಲ್ಲಿದೆ. ಮುಟ್ಟಿದರೆ ನಾಳೆ ರಷ್ಯಾ ಕೇಸು ಹಾಕಿ ಗೆದ್ದರೆ ನಷ್ಟ ತುಂಬಿಕೊಡುವವರು ಯಾರು ಎಂದು ಬೆಲ್ಜಿಯಂ ಕೇಳುತ್ತಿದೆ. ಖಾರ್ಕಿವ್‌ನಲ್ಲಿ ಮನೆ ಕಳೆದುಕೊಂಡವನ ಫೋನಿನಲ್ಲಿ ಸದ್ಯಕ್ಕೆ ಇರುವುದು ಅರ್ಜಿಯ ನಂಬರು.